ಬೆಂಗಳೂರಲ್ಲಿ ಕೂತು ಊರಿನ ಹ್ಯಾಮ್ ರೇಡಿಯೊ ಆನ್ ಮಾಡೋದು ಸುಲಭ, ಆಫ್ ಮಾಡೋದು?

ಇವತ್ತು ಹ್ಯಾಮ್ ರೇಡಿಯೊ ಬಗ್ಗೆ ಮಾತಾಡೋಣ. ಅದರಲ್ಲೂ ರೇಡಿಯೊ ಒಂದೂರಲ್ಲಿ, ನಾವು ಇನ್ನೊಂದೂರಲ್ಲಿ ಇರುವಾಗ ಅದನ್ನು ಸುರಕ್ಷಿತವಾಗಿ ನಡೆಸೋದು ಹೇಗೆ ಅನ್ನೋದನ್ನ. ಮೊದಲು ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ.

ನಾನಿರೋದು ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ. ಇಲ್ಲಿ ಆಂಟೆನಾ ಕಟ್ಟೋಕೆ ಜಾಗ ಇಲ್ಲ. ಕಟ್ಟಿದರೂ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್ ಎಲ್ಲ ಸೇರಿ ಎಬ್ಬಿಸೋ ಗದ್ದಲದಲ್ಲಿ ದೂರದ ದನಿ ಕೇಳೋದೇ ಇಲ್ಲ. ಹಾಗಾಗಿ ರೇಡಿಯೊನ ಮಲೆನಾಡಿನ ನಮ್ಮ ಮನೇಲಿಟ್ಟೆ. ತಾರಸಿಯಿಂದ ತೆಂಗಿನ ಮರಕ್ಕೆ 7 ಮೆಗಾಹರ್ಟ್ಸ್‌ಗೆ ಬೇಕಾದ ಸುಮಾರು 20 ಮೀಟರ್ ಉದ್ದದ ತಂತಿ ಆಂಟೆನಾ ಎಳೆದೆ. ರೇಡಿಯೊಗೆ ಒಂದು ಪುಟ್ಟ ಕಂಪ್ಯೂಟರ್, ಕಂಪ್ಯೂಟರ್‌ಗೆ ಇಂಟರ್‌ನೆಟ್. ನನ್ನ ದನಿ ಇಂಟರ್‌ನೆಟ್ಟಲ್ಲಿ ಊರಿಗೆ ಹೋಗಿ, ಅಲ್ಲಿಂದ ರೇಡಿಯೊ ಅಲೆಯಾಗಿ ಹೊರಡುತ್ತೆ. ಅಲ್ಲಿ ಕೇಳಿಸಿದ್ದು ನನ್ನ ಲ್ಯಾಪ್‌ಟಾಪಿಗೆ ಬರುತ್ತೆ. ಸಿಂಪಲ್ ಅನ್ಸುತ್ತೆ ಅಲ್ವಾ?

ಒಂದು ಸಂಜೆ ಆಂಟೆನಾ ಟ್ಯೂನ್ ಮಾಡೋಕೆ ಅಂತ 50 ವ್ಯಾಟ್ ಪವರಲ್ಲಿ ಒಂದೇ ಸಮನೆ ಸಿಗ್ನಲ್ ಬಿಟ್ಟಿದ್ದೆ. ಹತ್ತು ಸೆಕೆಂಡಿನ ಕೆಲಸ. ಅಷ್ಟರಲ್ಲಿ ಊರಿನ ಇಂಟರ್‌ನೆಟ್ ಕೈಕೊಡ್ತು. "ಪ್ರಸಾರ ಶುರು ಮಾಡು" ಅನ್ನೋ ಆದೇಶ ತಲುಪಿತ್ತು, "ನಿಲ್ಲಿಸು" ಅನ್ನೋದು ತಲುಪಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಇಲ್ಲ. ಮೂರನೇ ಸಲ ಎತ್ತಿದಾಗ ಹೇಳಿದ್ದು ಇಷ್ಟು: "ತಾರಸಿ ಮೇಲಿದ್ದೆ ಮಾರಾಯ, ಬಟ್ಟೆ ತೆಗೀತಿದ್ದೆ. ಏನು ಅರ್ಜೆಂಟು?"

ಬಟ್ಟೆ ಒಣಗಿಸೋ ಹಗ್ಗಕ್ಕೂ ನನ್ನ ಆಂಟೆನಾದ ತುದಿಗೂ ಮೂರು ಅಡಿ ಅಂತರ ಇತ್ತು, ಅಷ್ಟೆ.

ಇಂಥ ತಂತಿ ಆಂಟೆನಾದಲ್ಲಿ ವೋಲ್ಟೇಜ್ ಅತಿ ಹೆಚ್ಚು ಇರೋದು ತುದಿಯಲ್ಲೇ. 50 ವ್ಯಾಟ್ ಅಂದ್ರೆ ಒಂದು ಹಳೇ ಬಲ್ಬಿನಷ್ಟು ಅನ್ಸಬಹುದು. ಆದರೆ ತುದಿಯಲ್ಲಿ ನೂರಾರು ವೋಲ್ಟ್ ಇರುತ್ತೆ. ಮುಟ್ಟಿದರೆ ಚರ್ಮ ಸುಡುತ್ತೆ. ಅಮ್ಮ ಮುಟ್ಟಿರಲಿಲ್ಲ. ಅದು ನನ್ನ ಜಾಣತನ ಅಲ್ಲ, ಅದೃಷ್ಟ. ಮೇನ್ ಸ್ವಿಚ್ ಆಫ್ ಮಾಡಿಸಿದೆ. ಅಷ್ಟು ಹೊತ್ತೂ ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರೂ ಮಾತಾಡೋಕೆ ಆಗದ ಹಾಗೆ ನನ್ನ ರೇಡಿಯೊ ಒಂದೇ ಸಮ ಕೂಗ್ತಾ ಇತ್ತು.

ಆವತ್ತು ನನಗೆ ಅರ್ಥವಾಗಿದ್ದು: ದೂರದಿಂದ ನಡೆಸೋ ಸ್ಟೇಷನ್ನಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ಆನ್ ಮಾಡೋದು ಹೇಗೆ" ಅಲ್ಲ. "ನನ್ನ ಮಾತು ತಲುಪದೇ ಇದ್ದಾಗ ತಾನಾಗೇ ಆಫ್ ಆಗೋದು ಹೇಗೆ" ಅನ್ನೋದು.

ಮೂರು ನಿಮಿಷದ ಲೆಕ್ಕ

ಅಮೆರಿಕದ ಹ್ಯಾಮ್ ನಿಯಮಗಳಲ್ಲಿ, ಅಂದ್ರೆ ಅಲ್ಲಿನ ಎಫ್‌ಸಿಸಿಯ ಭಾಗ 97ರಲ್ಲಿ, ಇದಕ್ಕೆ ನೇರ ಉತ್ತರ ಇದೆ. ನಿಯಂತ್ರಣದ ಕೊಂಡಿ ಕೆಟ್ಟರೆ ಪ್ರಸಾರ 3 ನಿಮಿಷಕ್ಕಿಂತ ಹೆಚ್ಚು ಮುಂದುವರಿಯದ ಹಾಗೆ ವ್ಯವಸ್ಥೆ ಇರಲೇಬೇಕು. ಬೇರೆಯವರು ಅನುಮತಿ ಇಲ್ಲದೆ ಪ್ರಸಾರ ಮಾಡದಂತೆ ಸ್ಟೇಷನ್ನಿಗೆ ರಕ್ಷಣೆ ಇರಬೇಕು. ಸ್ಟೇಷನ್ ಇರೋ ಜಾಗದಲ್ಲಿ ಲೈಸೆನ್ಸಿನ ಪ್ರತಿ, ಜೊತೆಗೆ ಹೆಸರು, ವಿಳಾಸ, ಫೋನ್ ನಂಬರ್ ಇರೋ ಚೀಟಿ ಅಂಟಿಸಿರಬೇಕು. ನಾವು ಅಮೆರಿಕದಲ್ಲಿಲ್ಲ, ನಿಜ. ಆದರೆ ಯಾವ ಊರಿಗೂ ಒಪ್ಪೋ ವಿವೇಕ ಇದು.

ಇದನ್ನ ನಾನು ಮೂರು ಪದರದಲ್ಲಿ ಮಾಡಿದೀನಿ.

ಒಂದು, ರೇಡಿಯೊದ ಒಳಗಿರೋ ಟೈಮರ್. ಬಹಳಷ್ಟು ರೇಡಿಯೊಗಳ ಮೆನುವಿನಲ್ಲಿ ಟೈಮ್ ಔಟ್ ಟೈಮರ್ ಅಂತ ಇರುತ್ತೆ. ಅದನ್ನ 3 ನಿಮಿಷಕ್ಕೆ ಇಟ್ಟರೆ, ಅದಾದ ಮೇಲೆ ಪ್ರಸಾರ ತಾನೇ ನಿಲ್ಲುತ್ತೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಾನು ಅದನ್ನೂ ಆನ್ ಮಾಡಿರಲಿಲ್ಲ!

ಎರಡು, ನಾಡಿಮಿಡಿತ. ನನ್ನ ಲ್ಯಾಪ್‌ಟಾಪ್ ಪ್ರತಿ ಸೆಕೆಂಡಿಗೊಮ್ಮೆ ಊರಿಗೆ "ನಾನಿದೀನಿ" ಅಂತ ಸಂದೇಶ ಕಳಿಸುತ್ತೆ. ಅದನ್ನ ಕೇಳೋಕೆ ಅಲ್ಲೊಂದು ಪುಟ್ಟ ಮೈಕ್ರೊಕಂಟ್ರೋಲರ್ ಇದೆ. ಐದು ಸೆಕೆಂಡ್ ಸಂದೇಶ ಬರದಿದ್ದರೆ ಪ್ರಸಾರ ಬಂದ್. ಮೂವತ್ತು ಸೆಕೆಂಡ್ ಆದರೂ ಬರದಿದ್ದರೆ ರೇಡಿಯೊಗೆ ಹೋಗೋ 13.8 ವೋಲ್ಟ್ ಕರೆಂಟೇ ಕಟ್. ಈ ಕೆಲಸವನ್ನ ಕಂಪ್ಯೂಟರಿಗೇ ವಹಿಸಬೇಡಿ. ಹ್ಯಾಂಗ್ ಆದ ಕಂಪ್ಯೂಟರ್ ತನ್ನನ್ನ ತಾನು ಕಾಯೋಕಾಗಲ್ಲ. ಇನ್ನೊಂದು ವಿಷಯ: ರಿಲೇಗೆ ಕರೆಂಟ್ ಇದ್ದಾಗ ಮಾತ್ರ ರೇಡಿಯೊ ಆನ್ ಇರೋ ಹಾಗೆ ಜೋಡಿಸಿ. ತಂತಿ ತುಂಡಾದರೂ, ರಿಲೇ ಕಾಯಿಲ್ ಸುಟ್ಟರೂ, ಕರೆಂಟ್ ಹೋಗಿ ಬಂದರೂ ಫಲಿತಾಂಶ ಒಂದೇ ಆಗಿರಬೇಕು, ಆಫ್.

ಮೂರು, ಬೇರೆ ದಾರಿ. ಬೇರೆ ನೆಟ್‌ವರ್ಕಿನ ಸಿಮ್ ಹಾಕಿದ ಒಂದು ಜಿಎಸ್‌ಎಂ ಸ್ವಿಚ್. ಮನೆಯ ಇಂಟರ್‌ನೆಟ್ ಸತ್ತರೂ ಎಸ್‌ಎಂಎಸ್ ಕಳಿಸಿ ಕರೆಂಟ್ ತೆಗೀಬಹುದು. ಒಂದೇ ಹಗ್ಗಕ್ಕೆ ಎರಡು ಕೊಡ ಕಟ್ಟಬಾರದು, ಅಷ್ಟೆ.

ಅಮ್ಮನ ಕೆಂಪು ಸ್ವಿಚ್

ಇದಕ್ಕಿಂತ ಮುಖ್ಯವಾದ್ದು ಅಲ್ಲಿರೋ ಮನುಷ್ಯರು. ನಾನು ರೇಡಿಯೊ ಮುಂದೆ ಕೂತಿದ್ದರೆ ತಾರಸಿಗೆ ಯಾರು ಹೋದರು ಅಂತ ಕಾಣ್ತಿತ್ತು. ಬೆಂಗಳೂರಿಂದ ಕಾಣಲ್ಲ. ಹಾಗಾಗಿ ಆಂಟೆನಾ ತುದಿಯನ್ನ ಕೈಗೆ ಎಟುಕದಷ್ಟು ಎತ್ತರಕ್ಕೆ ಏರಿಸಿದೆ, ಬಟ್ಟೆ ಹಗ್ಗವನ್ನ ಇನ್ನೊಂದು ಮೂಲೆಗೆ ಕಟ್ಟಿದೆ. ಪ್ರಸಾರ ಆಗುವಾಗ ತಾರಸಿ ಮೆಟ್ಟಿಲ ಹತ್ತಿರ ಒಂದು ಕೆಂಪು ದೀಪ ಉರಿಯುತ್ತೆ. ಅದರ ಕೆಳಗೇ ಒಂದು ದೊಡ್ಡ ಕೆಂಪು ಸ್ವಿಚ್. ಅಮ್ಮ ಅದನ್ನ ಒತ್ತಿದರೆ ರೇಡಿಯೊ ಆಫ್, ನಾನು ಇಲ್ಲಿಂದ ಏನೇ ಮಾಡಿದರೂ ಮತ್ತೆ ಆನ್ ಆಗಲ್ಲ. ಅಲ್ಲಿರೋರ ಕೈಯೇ ಮೇಲಾಗಿರಬೇಕು.

ಗುಡುಗು ಬಂದಾಗ

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ನಮಗೇನು ಹೊಸದಲ್ಲ. ಆದರೆ ಯಾವ ಆಪ್ ಕೂಡ ಆಂಟೆನಾ ಕೇಬಲ್ ಕಿತ್ತು ಹೊರಗೆ ಹಾಕಲ್ಲ. ಆಂಟೆನಾನ ಅರ್ಥ್‌ಗೆ ಸೇರಿಸೋ ರಿಲೇ ಇದೆ, ಸರ್ಜ್ ಅರೆಸ್ಟರ್ ಇದೆ. ಅವು ಸಹಾಯ ಮಾಡುತ್ವೆ. ಆದರೆ ಮುಗಿಲಿಂದ ನೆಲಕ್ಕೆ ಹಾರಿ ಬಂದ ಸಿಡಿಲಿಗೆ ರಿಲೇ ಒಳಗಿನ ಒಂದೆರಡು ಮಿಲಿಮೀಟರ್ ಅಂತರ ಯಾವ ಲೆಕ್ಕ? ಕೇಬಲ್ಲನ್ನ ಕೈಯಿಂದ ಬಿಚ್ಚಿ ಮನೆಯಿಂದ ಹೊರಗಿಡೋದೇ ಒಳ್ಳೇದು. ಇಲ್ಲೊಂದು ಕಟ್ಟುನಿಟ್ಟು: ಗುಡುಗು ಶುರುವಾದ ಮೇಲೆ "ಸ್ವಲ್ಪ ಹೋಗಿ ಕೇಬಲ್ ಕಿತ್ತು ಬನ್ನಿ" ಅಂತ ಮನೆಯವರಿಗೆ ಯಾವತ್ತೂ ಹೇಳಬೇಡಿ. ರೇಡಿಯೊ ಸುಟ್ಟು ಹೋದರೆ ಹೋಗಲಿ. ನಮ್ಮನೇಲಿ ಆ ಎರಡು ತಿಂಗಳು ಕೇಬಲ್ ಬಿಚ್ಚೇ ಇರುತ್ತೆ. ನಾನು ಊರಿಗೆ ಹೋದಾಗ ಮಾತ್ರ ಹಾಕೋದು.

ಬೀಗ ಮತ್ತು ಕಾನೂನು

ನಿಮ್ಮ ರೇಡಿಯೊನ ಯಾರೋ ಹ್ಯಾಕ್ ಮಾಡಿ ಮಾತಾಡಿದರೂ ಗಾಳಿಯಲ್ಲಿ ಹೋಗೋದು ನಿಮ್ಮ ಸ್ಟೇಷನ್ನಿನ ಸಿಗ್ನಲ್. ಕೇಳೋಕೆ ಬರೋದು ನಿಮ್ಮ ಮನೆಗೇ. ರೂಟರಲ್ಲಿ ಪೋರ್ಟ್ ತೆರೆದಿಟ್ಟು ಇಡೀ ಜಗತ್ತಿಗೆ ಬಾಗಿಲು ತೋರಿಸಬೇಡಿ. ವೈರ್‌ಗಾರ್ಡ್ ಥರದ ವಿಪಿಎನ್ ಒಳಗಿಂದ ಮಾತ್ರ ಸಂಪರ್ಕ ಕೊಡಿ. ಡಬ್ಬದ ಜೊತೆ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ.

ಭಾರತದಲ್ಲಿ ಹ್ಯಾಮ್ ಲೈಸೆನ್ಸ್ ಕೊಡೋದು ಕೇಂದ್ರದ ದೂರಸಂಪರ್ಕ ಇಲಾಖೆ. ಪರೀಕ್ಷೆ ಪಾಸಾಗಿ, ಲೈಸೆನ್ಸ್ ಬಂದ ಮೇಲೆಯೇ ಪ್ರಸಾರ. ಲೈಸೆನ್ಸಲ್ಲಿ ಸ್ಟೇಷನ್ನಿನ ವಿಳಾಸ ಇರುತ್ತೆ. ಊರಿನ ಮನೆಯಲ್ಲಿ ಸ್ಟೇಷನ್ ಇಟ್ಟು ದೂರದಿಂದ ನಡೆಸೋ ಯೋಚನೆ ಇದ್ದರೆ, ಸಾಮಾನು ಕೊಳ್ಳೋ ಮೊದಲು ಇಲಾಖೆಗೆ ಬರೆದು, ಉತ್ತರ ಬರಹದಲ್ಲೇ ತಗೊಳ್ಳಿ. ಕೇಳೋರಲ್ಲಿ ಹೊರದೇಶದಲ್ಲಿರೋ ಕನ್ನಡಿಗರೂ ಇದೀರಿ. ನಿಮಗೊಂದು ಮಾತು: ನೀವು ಎಲ್ಲಿ ಕೂತಿದೀರಿ ಅನ್ನೋದರ ಜೊತೆಗೆ ಟ್ರಾನ್ಸ್‌ಮಿಟರ್ ಯಾವ ದೇಶದ ನೆಲದಲ್ಲಿದೆ ಅನ್ನೋದನ್ನೂ ನೋಡಿ. ಅಲೆ ಹೊರಡೋ ನೆಲದ ಕಾನೂನನ್ನ ತಪ್ಪಿಸೋಕಾಗಲ್ಲ.

ಕೊನೇ ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ ಒಂದು ಸಲ ಊರಿಗೆ ಹೋಗಿ. ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿ, ಅಂದ್ರೆ ಸಿಗ್ನಲ್ಲನ್ನ ಗಾಳಿಗೆ ಬಿಡದೆ ಶಾಖವಾಗಿ ನುಂಗೋ ಒಂದು ರೆಸಿಸ್ಟರ್. ಪ್ರಸಾರ ಶುರು ಮಾಡಿ, ಇಂಟರ್‌ನೆಟ್ ಕೇಬಲ್ ಕಿತ್ತು ಹಾಕಿ, ಗಡಿಯಾರ ನೋಡಿ. ಆಮೇಲೆ ಕಂಪ್ಯೂಟರಿನ ಪ್ಲಗ್ ಕೀಳಿ. ಆಮೇಲೆ ಮೇನ್ ಆಫ್ ಮಾಡಿ ಆನ್ ಮಾಡಿ. ಪ್ರತಿ ಸಲವೂ ರೇಡಿಯೊ ತಾನಾಗೇ ಸುಮ್ಮನಾದರೆ ನಿಮ್ಮ ಸ್ಟೇಷನ್ ರೆಡಿ.

ನಾನು ಈ ಪರೀಕ್ಷೆ ಮಾಡುವಾಗ ಅಮ್ಮ ಪಕ್ಕದಲ್ಲೇ ನಿಂತಿದ್ದರು. ಐದು ಸೆಕೆಂಡಿಗೆ ಕೆಂಪು ದೀಪ ಆರಿತು. "ಇದನ್ನ ಮೊದಲೇ ಮಾಡೋಕೆ ಏನಾಗಿತ್ತು?" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ. ನೀವು ಮೊದಲೇ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.