ವುಝೂ ನೀರಿಗೆ ಯಾವ ಔಷಧಿ ಹಾಕಬೇಕು?

ನಮ್ಮ ಮಾಗಡಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಬಹಳಷ್ಟು ಮನೆಗಳಲ್ಲಿ ನಳದ ನೀರು ಬಂದ ದಿನವೇ ಟ್ಯಾಂಕ್, ಡ್ರಮ್ಮು ತುಂಬಿಸಿಟ್ಟುಕೊಂಡು ಮುಂದಿನ ಸರದಿಯವರೆಗೆ ಬಳಸುತ್ತೇವೆ. ಮಸೀದಿಯ ಹೌಝ್‌ನಲ್ಲೂ ನೀರು ದಿನಗಟ್ಟಲೆ ನಿಂತಿರುತ್ತದೆ. ಕುಡಿಯುವ ನೀರನ್ನು ನಾವು ಸೋಸುತ್ತೇವೆ, ಫಿಲ್ಟರ್ ನೀರು ತರುತ್ತೇವೆ. ಆದರೆ ದಿನಕ್ಕೆ ಐದು ಬಾರಿ ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ವುಝೂ ನೀರಿನ ಬಗ್ಗೆ ಯೋಚಿಸಿದ್ದೀರಾ?

ಮೂಗಿನ ಮೂಲಕ ಬರುವ ಅಪಾಯ

ನಿಂತ ಬೆಚ್ಚಗಿನ ಸಿಹಿನೀರಿನಲ್ಲಿ 'ನೇಗ್ಲೇರಿಯಾ' ಎಂಬ ಅಮೀಬಾ ಬೆಳೆಯುತ್ತದೆ. ಕುಡಿದರೆ ಇದರಿಂದ ಕಾಯಿಲೆ ಬರುವುದಿಲ್ಲ. ಮೂಗಿನಿಂದ ಮೇಲೇರಿದರೆ ಮಾತ್ರ ಮೆದುಳನ್ನು ಸೇರುತ್ತದೆ. ಕಾಯಿಲೆ ಬಲು ಅಪರೂಪ, ಆದರೆ ಬಂದವರಲ್ಲಿ ಬದುಕಿ ಉಳಿಯುವವರು ಬಹಳ ಕಡಿಮೆ. ಪಾಕಿಸ್ತಾನದ ಕರಾಚಿಯಲ್ಲಿ ಎಂದೂ ಈಜದವರಿಗೂ ಇದು ಬಂದಾಗ, ವೈದ್ಯರ ಸಂಶಯ ಹೋದದ್ದು ವುಝೂಗೆ ಬಳಸಿದ ನಳದ ನೀರಿನ ಮೇಲೆ. 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲೂ ಅಮೀಬಾದಿಂದ ಬರುವ ಮೆದುಳು ಜ್ವರದ ಪ್ರಕರಣಗಳು ಕಂಡುಬಂದವು. ಹೆದರಿ ವುಝೂ ಬಿಡಬೇಕಿಲ್ಲ. ನೀರಿನಲ್ಲಿ ಸಾಕಷ್ಟು ಕ್ಲೋರಿನ್ ಇದ್ದರೆ ಈ ಅಮೀಬಾ ಉಳಿಯುವುದಿಲ್ಲ.

ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಹೌಝ್‌ನ ನೀರು ಬಣ್ಣ, ರುಚಿ, ವಾಸನೆ ಕೆಡದಿದ್ದರೆ ಪಾಕ್ ಎಂಬುದು ಹನಫಿ ಫಿಕ್ಹ್‌ನ ಮಾತು. ಅದು ತಹಾರತ್‌ನ ಲೆಕ್ಕ. ರೋಗಾಣು ಬಣ್ಣ, ವಾಸನೆ ತೋರಿಸಿ ಬರುವುದಿಲ್ಲ. ಎರಡೂ ಲೆಕ್ಕ ಸರಿಯಿರಬೇಕು. ಯುನಾನಿಯಲ್ಲಿ ಆರೋಗ್ಯದ ಆರು ಆಧಾರಗಳಲ್ಲಿ ತಿನ್ನುವುದು, ಕುಡಿಯುವುದು ಒಂದು. ಇಬ್ನ್ ಸೀನಾ ಕೂಡ ನೀರನ್ನು ಕುದಿಸಿ, ಸೋಸಿ ಶುದ್ಧಗೊಳಿಸಲು ಹೇಳಿದ್ದಾರೆ.

ಯಾವುದನ್ನು ಆರಿಸಬೇಕು?

ಪಟಿಕ: ನಮ್ಮ ಕಡೆ ತುರಟಿ, ಯುನಾನಿಯಲ್ಲಿ ಶಿಬ್ಬೆ ಯಮಾನಿ. ರಾಡಿ ನೀರಿನ ಮಣ್ಣನ್ನು ತಳಕ್ಕಿಳಿಸುತ್ತದೆ. ರೋಗಾಣು ಕೊಲ್ಲಲು ಇದನ್ನು ನಂಬಬೇಡಿ.

ಮೈಲುತುತ್ತ: ಪಾಚಿಗೆ ಹಾಕುವವರಿದ್ದಾರೆ. ಬಾಯಿಗೆ ಹಾಕಿಕೊಳ್ಳುವ ನೀರಿಗೆ ಬೇಡ.

ಮೀನು: ಸೊಳ್ಳೆ ಮರಿಗಳನ್ನು ತಿನ್ನುತ್ತವೆ, ನೀರನ್ನು ಶುದ್ಧ ಮಾಡುವುದಿಲ್ಲ. ಕ್ಲೋರಿನ್ ಹಾಕುವ ಹೌಝ್‌ನಲ್ಲಿ ಮೀನು ಬದುಕುವುದಿಲ್ಲ.

ಕ್ಲೋರಿನ್ ಮಾತ್ರೆ: ಕೊಡ, ಬಕೆಟ್‌ಗೆ ಒಳ್ಳೆಯದು. ಪ್ಯಾಕೆಟ್ ಮೇಲಿನ ಅಳತೆ ನೋಡಿ.

ಬ್ಲೀಚಿಂಗ್ ಪೌಡರ್: ಟ್ಯಾಂಕ್, ಹೌಝ್‌ಗೆ ಇದೇ ಅಗ್ಗ ಮತ್ತು ಸರಿ. ಹೊಸದರಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲದಲ್ಲಿಟ್ಟರೆ ಸತ್ವ ಹಾರಿಹೋಗುತ್ತದೆ. ಚಿಕ್ಕ ಪೊಟ್ಟಣ ತಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ.

ಎಷ್ಟು, ಹೇಗೆ?

ತಿಳಿನೀರಿಗೆ 1,000 ಲೀಟರ್‌ಗೆ 2.5 ಗ್ರಾಂ. ಟ್ಯಾಂಕ್‌ನ ಉದ್ದ, ಅಗಲ, ನೀರಿನ ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 15 ಅಡಿ ಉದ್ದ, 15 ಅಡಿ ಅಗಲ, ಎರಡೂವರೆ ಅಡಿ ನೀರಿನ ಹೌಝ್‌ನಲ್ಲಿ ಸುಮಾರು 16,000 ಲೀಟರ್ ಇರುತ್ತದೆ. ಅದಕ್ಕೆ 40 ಗ್ರಾಂ ಪೌಡರ್ ಬೇಕು.

ಪೌಡರನ್ನು ನೇರವಾಗಿ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮತ್ತೆ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಹಾಕಿ, ಚೆನ್ನಾಗಿ ಕದಡಿ, ಒಂದು ಗಂಟೆಯ ನಂತರ ಬಳಸಿ. ಆಗ ಲೀಟರ್‌ಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನೀರು ಪರೀಕ್ಷೆಯ ಕಿಟ್ ಬಗ್ಗೆ ಗ್ರಾಮ ಪಂಚಾಯತಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ಕೇಳಿ.

ಬಿಸಿಲಿಗೆ ಕ್ಲೋರಿನ್ ನಿಲ್ಲುವುದಿಲ್ಲ. ಆದ್ದರಿಂದ ತೆರೆದ ಹೌಝ್‌ಗೆ ಇಶಾ ನಮಾಝ್ ಮುಗಿದ ಮೇಲೆ ಹಾಕಿ, ಫಜ್ರ್‌ಗೆ ನೀರು ಸಿದ್ಧವಾಗಿರುತ್ತದೆ. ಹಗಲು ಮತ್ತೆ ಪರೀಕ್ಷಿಸಿ. ತಳದ ಕೆಸರು, ಗೋಡೆಯ ಲೋಳೆಯನ್ನು ಆಗಾಗ ಉಜ್ಜಿ ತೊಳೆಯದಿದ್ದರೆ ಔಷಧಿಯೆಲ್ಲ ಅದಕ್ಕೇ ಖರ್ಚಾಗುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಎಂದೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ.

ಬೇಸಿಗೆಯಲ್ಲಿ ಮಕ್ಕಳು ಆಡುವ ಗಾಳಿ ತುಂಬಿದ ಟಬ್‌ಗೆ ಔಷಧಿಯ ಲೆಕ್ಕವೇ ಬೇಡ. ಆಟ ಮುಗಿದ ಕೂಡಲೇ ನೀರು ಚೆಲ್ಲಿ, ತೊಳೆದು ಒಣಗಿಸಿ.

ಮುಂಡರಗಿ, ಶಿರಹಟ್ಟಿ ಭಾಗದ ಕೊಳವೆಬಾವಿಗಳಲ್ಲಿ ಕಾಣುವ ಫ್ಲೋರೈಡ್ ಕ್ಲೋರಿನ್‌ನಿಂದಾಗಲಿ ಕುದಿಸುವುದರಿಂದಾಗಲಿ ಹೋಗುವುದಿಲ್ಲ. ಅಂಥ ನೀರು ಕುಡಿಯಲು ಬೇಡ.

ಈ ಲಕ್ಷಣಗಳಿಗೆ ಕಾಯಬೇಡಿ

ನೀರಿನ ಬಗ್ಗೆ ಸಂಶಯವಿದ್ದರೆ ಕುದಿಸಿ ಆರಿಸಿದ ನೀರಿನಿಂದ ಮೂಗು ತೊಳೆಯಿರಿ. ಕೆರೆಯಲ್ಲಿ ಈಜಿದ ಅಥವಾ ನಿಂತ ನೀರು ಮೂಗಿಗೇರಿದ ಹತ್ತು ಹನ್ನೆರಡು ದಿನಗಳೊಳಗೆ ಜ್ವರ, ತಡೆಯಲಾಗದ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಬಂದರೆ ಜೋಶಾಂದಾ ಕುಡಿಸುತ್ತಾ ಕೂರಬೇಡಿ, ನನ್ನಂಥ ಹಕೀಮರ ಬಳಿಗೂ ಬರಬೇಡಿ. ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ, ಮೂಗಿಗೆ ನೀರು ಹೋದದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳದಿದ್ದರೂ ಹೇಳಿ.