ದೋಣಿ ತಂದದ್ದೇ ರಾತ್ರಿಯ ಊಟ

ಐರ್ಲೆಂಡಿನ ಕಾರ್ಕ್ ನಗರದಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ. ಹೋದರೆ ಶಾನಗ್ಯಾರಿ. ಒಂದು ಚರ್ಚು, ಕೆಲವು ಅಂಗಡಿ, ಹೆಸರಾಂತ ಕುಂಬಾರಿಕೆಯ ಕಾರ್ಯಾಗಾರ, ಅಷ್ಟರಲ್ಲಿ ಊರು ಮುಗಿದು ಹೊಲ ಶುರು. ಇಂಥಲ್ಲಿ ಒಳ್ಳೆಯ ಊಟ ಎಲ್ಲಿ ಸಿಕ್ಕೀತು ಎಂದು ಯಾರಿಗೂ ಅನ್ನಿಸಬೇಕು. ಆದರೆ ಐರಿಶ್ ಅಡುಗೆ ತಲೆಯೆತ್ತಿ ನಿಂತದ್ದು ಇಲ್ಲಿಂದಲೇ. ಅದಕ್ಕೆ ಕಾರಣ ರೈತನೊಬ್ಬನ ಹೆಂಡತಿ, ಆರು ಮಕ್ಕಳ ತಾಯಿ, ಮರ್ಟಲ್ ಅಲೆನ್.

ಮರ್ಟಲ್ ಅವರ ಗಂಡ ಐವನ್ ಅಲೆನ್ 1940ರ ದಶಕದ ಕೊನೆಯಲ್ಲಿ ಶಾನಗ್ಯಾರಿ ಹತ್ತಿರದ ಬ್ಯಾಲಿಮಲೂ ಎಂಬ ಹಳೆಯ ದೊಡ್ಡ ಮನೆಯನ್ನೂ ಅದರ ಜಮೀನನ್ನೂ ಕೊಂಡರು. ಟೊಮೆಟೊ, ಸೇಬು, ಅಣಬೆ, ಹಾಲು, ಹಂದಿ ಎಲ್ಲವೂ ಇದ್ದ ಬೇಸಾಯ. ಅಷ್ಟೆಲ್ಲ ಬೆಳೆಯುವ ಮನೆಯಲ್ಲಿ ಅಡುಗೆಗೆ ಬರಗಾಲವಿಲ್ಲ. 1962ರಿಂದ ಮರ್ಟಲ್ ರೈತರ ಪತ್ರಿಕೆಯೊಂದಕ್ಕೆ ಅಡುಗೆ ಅಂಕಣ ಬರೆಯತೊಡಗಿದರು. ಎರಡು ವರ್ಷ ಕಳೆದ ಮೇಲೆ, 1964ರಲ್ಲಿ, ಹಳ್ಳಿಮನೆಯಲ್ಲಿ ಊಟಕ್ಕೆ ಬನ್ನಿ ಎಂದು ಕಾರ್ಕ್‌ನ ದಿನಪತ್ರಿಕೆಯಲ್ಲಿ ಪುಟ್ಟ ಜಾಹೀರಾತು ಕೊಟ್ಟು, ತಮ್ಮ ಊಟದ ಕೋಣೆಯ ಬಾಗಿಲನ್ನೇ ತೆರೆದರು. ಐವನ್ ಅವರಿಗೆ ಜ್ಯಾಕ್ ಯೇಟ್ಸ್‌ನ ಚಿತ್ರಗಳನ್ನು ಕೊಳ್ಳುವ ಗೀಳಿತ್ತು. ಅವು ಗೋಡೆಯ ಮೇಲಿದ್ದುದರಿಂದ ಹೋಟೆಲಿಗೆ 'ಯೇಟ್ಸ್ ರೂಮ್' ಎಂದೇ ಹೆಸರಾಯಿತು.

ಆ ಕಾಲಕ್ಕೆ ಐರ್ಲೆಂಡಿನ ದೊಡ್ಡ ಹೋಟೆಲುಗಳಲ್ಲಿ ದೊಡ್ಡ ಊಟವೆಂದರೆ ಫ್ರೆಂಚ್ ಊಟ. ಮನೆಯ ಬೆಣ್ಣೆ, ಮಜ್ಜಿಗೆಯ ಬ್ರೆಡ್ಡು, ಹಿತ್ತಲಿನ ಸೊಪ್ಪು ನಾಲ್ಕು ಜನರ ಮುಂದೆ ಬಡಿಸುವಂಥದ್ದಲ್ಲ ಎಂಬ ಸಂಕೋಚ. ಮರ್ಟಲ್ ಆ ಸಂಕೋಚವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೆನು ಮುಂಚಿತವಾಗಿ ಅಚ್ಚಾಗುತ್ತಿರಲಿಲ್ಲ. ಆ ದಿನ ತೋಟದಿಂದ ಏನು ಬಂತು, ಬ್ಯಾಲಿಕಾಟನ್ ಬಂದರಿಗೆ ದೋಣಿ ಏನು ತಂತು ಎಂದು ನೋಡಿಕೊಂಡು ದಿನದಿನವೂ ಹೊಸದಾಗಿ ಬರೆಯುತ್ತಿದ್ದರು. ಇಂದು ಜಗತ್ತಿನ ದುಬಾರಿ ಹೋಟೆಲುಗಳೆಲ್ಲ 'ಸ್ಥಳೀಯ', 'ಋತುಮಾನದ' ಎಂದು ಡಂಗುರ ಹೊಡೆಯುವುದನ್ನು ಕೇಳಿದಾಗ ಸ್ವಲ್ಪ ನಗು ಬರುತ್ತದೆ. ಈಕೆಗೆ ಅದು ಸಿದ್ಧಾಂತವಾಗಿರಲಿಲ್ಲ, ಮನೆ ನಡೆಸುವ ರೀತಿಯಾಗಿತ್ತು. 1975ರಲ್ಲಿ ಮಿಶೆಲಿನ್ ತಾರೆ ಬಂತು, 1977ರಲ್ಲಿ ಅಡುಗೆ ಪುಸ್ತಕ ಬಂತು. 2018ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಮರ್ಟಲ್ ತೀರಿಕೊಂಡರು. ಹೋಟೆಲನ್ನು ಮನೆಯವರು ನಡೆಸಿಕೊಂಡು ಬರುತ್ತಿದ್ದಾರೆ.

ಇಲ್ಲಿ ಬಿಡದೆ ತಿನ್ನಬೇಕಾದದ್ದು ಕ್ಯಾರಗೀನ್ ಪುಡ್ಡಿಂಗ್. ಕ್ಯಾರಗೀನ್ ಎಂದರೆ ಆ ಕರಾವಳಿಯ ಬಂಡೆಗಳ ಮೇಲೆ ಬೆಳೆಯುವ ಕೆಂಪು-ನೇರಳೆ ಪಾಚಿ. ಇಳಿತ ಜೋರಾಗಿದ್ದಾಗ ಕಿತ್ತು ತಂದು, ಹುಲ್ಲಿನ ಮೇಲೆ ಹರಡಿ, ಬಿಸಿಲಿಗೂ ಮಳೆಗೂ ಬಿಡುತ್ತಾರೆ. ಬಣ್ಣ ಬಿಟ್ಟು ಮಾಸಲು ಹಳದಿಗೆ ತಿರುಗುತ್ತದೆ. ನಮ್ಮಲ್ಲಿ ಹಾಲಿಗೆ ಚೈನಾ ಗ್ರಾಸ್ ಹಾಕಿ ಗಟ್ಟಿ ಮಾಡುವಂತೆಯೇ ಇದರ ಕೆಲಸ. ಎರಡೂ ಕಡಲಪಾಚಿಯ ಕುಲದವೇ. ಒಣಗಿದ ಪಾಚಿ ಒಂದು ಸಣ್ಣ ಹಿಡಿ ಸಾಕು. ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಲೀಟರಿಗೆ ಸ್ವಲ್ಪ ಕಡಿಮೆ ಹಾಲಿನಲ್ಲಿ ವೆನಿಲ್ಲಾ ಜೊತೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸುತ್ತಾರೆ. ಅಷ್ಟರಲ್ಲಿ ಪಾಚಿ ಉಬ್ಬಿ ಲೋಳೆ ಬಿಟ್ಟಿರುತ್ತದೆ. ಜರಡಿಯಲ್ಲಿ ಸೋಸುವಾಗ ಆ ಲೋಳೆಯನ್ನು ಚಮಚದಿಂದ ಒತ್ತಿ ಒತ್ತಿ ಕೆಳಗಿಳಿಸಬೇಕು, ರುಚಿಯ ಗುಟ್ಟು ಇರುವುದು ಅಲ್ಲೇ. ಪಾಚಿ ಹೆಚ್ಚಾದರೆ ಪುಡ್ಡಿಂಗ್ ರಬ್ಬರಾಗುತ್ತದೆ, ಕಡಲಿನ ವಾಸನೆಯೂ ಹೊಡೆಯುತ್ತದೆ. ಆಮೇಲೆ ಸಕ್ಕರೆ, ಮೊಟ್ಟೆಯ ಹಳದಿ, ಕೊನೆಗೆ ನೊರೆಯಾಗುವಂತೆ ಕಡೆದ ಬಿಳಿ. ಬಾಯಲ್ಲಿಟ್ಟರೆ ಇದ್ದೂ ಇಲ್ಲದಂತೆ ಕರಗುತ್ತದೆ. ಮೊಟ್ಟೆ ಮುಟ್ಟದವರು ಮಾತ್ರ ಇದನ್ನು ದೂರದಿಂದಲೇ ನೋಡಬೇಕು. ಹಿಂದೆ ಎದೆಗಟ್ಟಿದವರಿಗೆ, ಕೆಮ್ಮಿನವರಿಗೆ ಕುಡಿಸುತ್ತಿದ್ದ ಬಡವರ ಪದಾರ್ಥ ಇದು. ಇದರ ಸತ್ವವೇ ಇಂದು ಐಸ್‌ಕ್ರೀಮ್ ಪೊಟ್ಟಣದ ಹಿಂದೆ 407 ಎಂಬ ಸಂಖ್ಯೆಯಾಗಿ ಕೂತಿರುತ್ತದೆ.

ಈ ಪುಡ್ಡಿಂಗ್ ಮೇಜಿಗೆ ಬರುವುದು ಚಕ್ರವಿರುವ ಸಿಹಿಗಾಡಿಯಲ್ಲಿ. 2019ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಿಶ್ವ ರೆಸ್ಟೊರೆಂಟ್ ಪ್ರಶಸ್ತಿ ಸಮಾರಂಭದಲ್ಲಿ ಆ ಗಾಡಿಗೇ ಒಂದು ಬಹುಮಾನ ಬಂದಿದೆ! ಎಲ್ಲದರಲ್ಲೂ ಒಂದಿಷ್ಟು ಕೊಡಿ ಎಂದು ಕೇಳಲು ನಾಚಬೇಕಿಲ್ಲ. ನನ್ನನ್ನು ಕೇಳಿದರೆ ಮಿಶೆಲಿನ್ ತಾರೆಗಿಂತ ಈ ಗಾಡಿಯ ಬಹುಮಾನವೇ ಆ ಮನೆಗೆ ಹೆಚ್ಚು ಒಪ್ಪುತ್ತದೆ.

ಮರ್ಟಲ್ ಅವರ ಅಡುಗೆಮನೆಗೆ ಕೆಲಸ ಕಲಿಯಲು ಬಂದು ಸೊಸೆಯಾದವರು ಡರೀನಾ. ಅವರು ತಮ್ಮ ಸಹೋದರ ರೋರಿ ಓಕಾನೆಲ್ ಜೊತೆ ಸೇರಿ 1983ರಲ್ಲಿ ಶಾನಗ್ಯಾರಿಯಲ್ಲೇ ಅಡುಗೆ ಶಾಲೆ ಶುರುಮಾಡಿದರು. ಸುತ್ತ ನೂರು ಎಕರೆ ಸಾವಯವ ಜಮೀನು, ಜರ್ಸಿ ಹಸುಗಳು, ಕೋಳಿ. ಹನ್ನೆರಡು ವಾರದ ಕೋರ್ಸಿಗೆ ಬೇರೆ ಬೇರೆ ದೇಶಗಳಿಂದ ಬರುವವರಿಗೆ ಮೊದಲು ಹೇಳಿಕೊಡುವುದು ಸೂಪು, ಸಾಸು ಅಲ್ಲ, ಕಾಂಪೋಸ್ಟ್ ಗೊಬ್ಬರ ಮಾಡುವುದನ್ನು. ಆಮೇಲೆ ಸೋಡಾ ಬ್ರೆಡ್. ಐರ್ಲೆಂಡಿನ ಮೆದು ಗೋಧಿ ಯೀಸ್ಟ್ ಹಾಕಿ ಉಬ್ಬಿಸಲು ಅಷ್ಟು ಒಗ್ಗುವುದಿಲ್ಲ. ಹುಳಿ ಮಜ್ಜಿಗೆ ಮತ್ತು ಅಡುಗೆ ಸೋಡಾ ಸೇರಿದರೆ ಕಾಯಬೇಕಾದದ್ದೇ ಇಲ್ಲ. ಹಿಟ್ಟನ್ನು ನಾದಬಾರದು, ಬೆರಳು ಬಿಡಿಸಿಕೊಂಡ ಕೈಯನ್ನು ಒಂದೆರಡು ಸುತ್ತು ಆಡಿಸಿದರೆ ಮುಗಿಯಿತು. ಉಂಡೆಯ ಮೇಲೆ ಅಡ್ಡ ಉದ್ದ ಆಳವಾಗಿ ಕೊಯ್ದು ಒಲೆಗಿಡುವುದು ಒಳಗೆಲ್ಲ ಬೇಯಲಿ ಎಂದು, ಮನೆಯ ಯಕ್ಷಿಣಿಯರು ಹೊರಹೋಗಲಿ ಎಂದು ಅಜ್ಜಿಯರ ಮಾತು.

ಬ್ಯಾಲಿಮಲೂನಲ್ಲಿ ರಾತ್ರಿಯೂಟ ಜೇಬಿಗೆ ಭಾರ, ಅದನ್ನು ಮುಚ್ಚಿಡುವುದು ಬೇಡ. ಅದೇ ಆವರಣದ ಅಂಗಡಿಗೆ ಅಂಟಿಕೊಂಡಿರುವ ಕೆಫೆ ಸಾಮಾನ್ಯರಿಗೆ ಎಟಕುವಂಥದ್ದು. ಶನಿವಾರ ಬೆಳಿಗ್ಗೆಯಾದರೆ ಮಿಡಲ್ಟನ್ ಪೇಟೆಯ ರೈತರ ಸಂತೆಗೇ ಹೋಗುವುದು ಜಾಣತನ. 2000ದಲ್ಲಿ ಶುರುವಾದ ಈ ಸಂತೆಯಲ್ಲಿ ಬೆಳೆದವರೇ, ಚೀಸು ಮಾಡಿದವರೇ ಮಾರಲು ನಿಂತಿರುತ್ತಾರೆ. ಬ್ರೆಡ್ಡು, ಚೀಸು, ಸೇಬು ಕಟ್ಟಿಸಿಕೊಂಡರೆ ಸಸ್ಯಾಹಾರಿಗೂ ಮಧ್ಯಾಹ್ನದ ಚಿಂತೆಯಿಲ್ಲ. ಬುತ್ತಿ ಬಿಚ್ಚಲು ಬ್ಯಾಲಿಕಾಟನ್‌ನ ಕಡಲಂಚಿನ ಕಾಲುದಾರಿಗಿಂತ ಒಳ್ಳೆಯ ಜಾಗ ಬೇಡ. ಎದುರಿನ ದ್ವೀಪದಲ್ಲಿ ಮೈಗೆಲ್ಲ ಕಪ್ಪು ಬಳಿದ ದೀಪಸ್ತಂಭ ಕಾಣುತ್ತದೆ. ಮೀನು ತಿನ್ನುವವರಿಗೆ ಅದೇ ಊರಿನ ಬಂದರಿನ ಆಸುಪಾಸಿನಲ್ಲಿ ಪಬ್ಬುಗಳಿವೆ, ಹಳೆಯ ಚರ್ಚೊಂದು ಈಗ ಊಟವೂ ಸಂಗೀತವೂ ಇರುವ ತಾಣವಾಗಿದೆ. ಬೇಸಿಗೆಯಲ್ಲಿ ಮ್ಯಾಕೆರೆಲ್, ಅಂದರೆ ನಮ್ಮ ಬಂಗುಡೆಯ ಸಂಬಂಧಿ, ಇದ್ದರೆ ಬೇರೆ ಏನನ್ನೂ ಕೇಳಬೇಡಿ. ಅದು ಹಿಡಿದ ದಿನವೇ ತಿನ್ನಬೇಕಾದ ಮೀನು.

ಕಾರ್ಕ್‌ನಿಂದ ಮಿಡಲ್ಟನ್‌ವರೆಗೆ ರೈಲಿದೆ; ಬಹಳ ಕಾಲ ನಿಂತುಹೋಗಿದ್ದ ಆ ಮಾರ್ಗ 2009ರಲ್ಲಿ ಮತ್ತೆ ಶುರುವಾಯಿತು. ಅಲ್ಲಿಂದಾಚೆ ಕ್ಲೋಯ್ನ್, ಶಾನಗ್ಯಾರಿ ದಾಟಿ ಬ್ಯಾಲಿಕಾಟನ್‌ಗೆ ಹೋಗುವ ಬಸ್ಸುಗಳು ವಿರಳ. ಹೋಟೆಲಿನಲ್ಲಿ ಮೇಜು ಕಾದಿರಿಸುವಾಗಲೇ ವಾಪಸ್ಸಿಗೆ ಟ್ಯಾಕ್ಸಿಯನ್ನೂ ಹೇಳಿಟ್ಟುಬಿಡಿ. ಸಿಹಿಗಾಡಿ ಎರಡನೇ ಸುತ್ತು ಬರುವ ಹೊತ್ತಿಗೆ ಗಡಿಯಾರ ನೋಡುವ ಹಾಗಾಗಬಾರದು.