ಸಾಲದ ಜೊತೆಗೆ ಬಂದ ವಿಮೆ ಯಾವುದು?

ಸಂಘದಿಂದ ಸಾಲ ಪಡೆಯುವಾಗ ವಿಮೆಯ ಹೆಸರಿನಲ್ಲಿ ಸ್ವಲ್ಪ ಹಣ ಹಿಡಿದುಕೊಳ್ಳುತ್ತಾರೆ. ಅದು ಆಸ್ಪತ್ರೆ ಖರ್ಚಿಗೆ ಒದಗುತ್ತದೆಂದು ಅನೇಕ ಮನೆಗಳಲ್ಲಿ ನಂಬಿರುತ್ತಾರೆ. ಹೆಚ್ಚಾಗಿ ಅದು ಜೀವವಿಮೆ. ಸಾಲಗಾರರು ತೀರಿಕೊಂಡರೆ ಬಾಕಿ ಚುಕ್ತಾ ಮಾಡಲು ಇರುವುದು.

ಆರೋಗ್ಯ ವಿಮೆಯೇ ಆಗಿದ್ದರೂ ಕೈಯಲ್ಲಿ ಕಾಗದವಿಲ್ಲದಿದ್ದರೆ ಪ್ರಯೋಜನವಿಲ್ಲ. 2007ರ ಸುಮಾರಿಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎಸ್‌ಕೆಎಸ್ ಮೈಕ್ರೋಫೈನಾನ್ಸ್, ಸಾಲ ನವೀಕರಿಸುವವರಿಗೆ ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡಿತ್ತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅದನ್ನು ಅಧ್ಯಯನ ಮಾಡಿದರು. ವಿಮೆ ಬೇಡವೆಂದು ಹಲವರು ಸಾಲವನ್ನೇ ಬಿಟ್ಟಿದ್ದರು. ಕಂತು ಕಟ್ಟಿದವರಲ್ಲೂ ಪರಿಹಾರ ಕೇಳಿದವರು ತೀರ ಕಡಿಮೆ. ಎಷ್ಟೋ ಮಂದಿಗೆ ವಿಮೆಯ ದಾಖಲೆಗಳೇ ಸರಿಯಾಗಿ ತಲುಪಿರಲಿಲ್ಲ. ಇದರಲ್ಲಿ ಜನರನ್ನು ದೂರುವಂತಿಲ್ಲ.

ಸಹಿ ಹಾಕುವ ಮುನ್ನವೇ ಕೇಳಿ: ಮನೆಯಲ್ಲಿ ಯಾರ್ಯಾರ ಹೆಸರು ಸೇರಿದೆ? ಹೆರಿಗೆಗೆ ಸಿಗುತ್ತದೆಯೇ? ಹಳೆಯ ಕಾಯಿಲೆಗೆ ಎಷ್ಟು ಕಾಲ ಕಾಯಬೇಕು? ಯಾವ ಆಸ್ಪತ್ರೆಗೆ ಹೋಗಬೇಕು? ಕೆಲವು ವಿಮೆಗಳು ಬಿಲ್ ಕಟ್ಟುವುದಿಲ್ಲ, ದಾಖಲಾದ ದಿನಕ್ಕೆ ಇಷ್ಟೆಂದು ಕೊಡುತ್ತವೆ. ಅಂಥವುಗಳಲ್ಲಿ ಡಾಕ್ಟರಿಗೆ ತೋರಿಸಿ ಬಂದದ್ದಕ್ಕೆ, ಮಾತ್ರೆಗೆ ಏನೂ ಸಿಗದು. ಡಿಸ್ಚಾರ್ಜ್ ಪತ್ರ, ಮೂಲ ಬಿಲ್ಲುಗಳನ್ನು ಎಸೆಯಬೇಡಿ. ವಿಮೆ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೇ ಇಡಿ. ಸಾಲ ಪಡೆದವರೇ ಹಾಸಿಗೆ ಹಿಡಿಯಬಹುದು, ಆದ್ದರಿಂದ ಆ ಜಾಗ ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ.